ಕಮಾಂಡರ್ ಇಳಿದು ಹೋದ ಮೇಲೆ ಹಡಗು ಯಾರ ಕೈಯಲ್ಲಿ?

2007ರಲ್ಲಿ ಬಂದ ಮೊದಲ ‘ಮಾಸ್ ಎಫೆಕ್ಟ್’ ಗೇಮ್ ಆಡಿದವರಿಗೆ ಈ ದನಿ ನೆನಪಿರುತ್ತದೆ. ನಾರ್ಮಂಡಿ ಅನ್ನುವ ಬಾಹ್ಯಾಕಾಶ ಹಡಗಿನಿಂದ ಹೊರಗೆ ಹೊರಟರೆ ಹಡಗಿನ ಕಂಪ್ಯೂಟರ್ ಒಂದು ಮಾತು ಹೇಳುತ್ತದೆ. ಕಮಾಂಡಿಂಗ್ ಆಫೀಸರ್ ಇಳಿದಿದ್ದಾರೆ, ಡೆಕ್ ಈಗ ಎಕ್ಸ್‌ಓ (ಹಡಗಿನ ಎರಡನೇ ಅಧಿಕಾರಿ) ಪ್ರೆಸ್ಲಿ ಅವರ ಕೈಯಲ್ಲಿದೆ, ಅಂದರೆ ಹಡಗಿನ ಹೊಣೆ ಅವರದ್ದು ಅಂತ. ವಾಪಸ್ ಬಂದಾಗ ಇನ್ನೊಂದು ಮಾತು. ಕಮಾಂಡಿಂಗ್ ಆಫೀಸರ್ ಬಂದಿದ್ದಾರೆ, ಪ್ರೆಸ್ಲಿ ಅವರ ಹೊಣೆ ಮುಗಿಯಿತು. ಅಷ್ಟೇ. ಆ ಹೊತ್ತಿನಲ್ಲಿ ಮುಂದಿನ ಜಾಗ ಲೋಡ್ ಆಗುತ್ತಿರುತ್ತದೆ. ನಮ್ಮನ್ನು ಒಂದಿಷ್ಟು ಸೆಕೆಂಡ್ ತಡೆದು ನಿಲ್ಲಿಸಲೆಂದೇ ಆ ಏರ್‌ಲಾಕ್, ಆ ಸ್ಕ್ಯಾನ್ ಎಲ್ಲ ಇರುವುದು. ಅಲ್ಲಿ ಏನು ಬೇಕಾದರೂ ಹೇಳಿಸಬಹುದಿತ್ತು. ಈ ಮಾತನ್ನೇ ಬರೆದವರಿಗೆ ನೌಕಾಪಡೆ ಹೇಗೆ ನಡೆಯುತ್ತದೆ ಅನ್ನುವುದು ಗೊತ್ತಿತ್ತು.

ಯುದ್ಧನೌಕೆಯಲ್ಲಿ ‘ಈಗ ಯಾರ ಹೊಣೆ’ ಅನ್ನುವ ಪ್ರಶ್ನೆಗೆ ಉತ್ತರ ಇಲ್ಲದ ಒಂದು ನಿಮಿಷವೂ ಇರಬಾರದು. ಕ್ಯಾಪ್ಟನ್ ಮಲಗಿರಲಿ, ದಡಕ್ಕೆ ಹೋಗಿರಲಿ, ಹಡಗು ನಡೆಸುವ ಅಧಿಕಾರ ಯಾರದಾದರೂ ಒಬ್ಬರ ಹೆಸರಲ್ಲಿ ಇರಲೇಬೇಕು. ಅದು ಕೈ ಬದಲಾಗುವಾಗ ಕೊಡುವವರು ಬಾಯಿಬಿಟ್ಟು ಹೇಳಬೇಕು, ತೆಗೆದುಕೊಳ್ಳುವವರು ಬಾಯಿಬಿಟ್ಟು ಒಪ್ಪಿಕೊಳ್ಳಬೇಕು, ಲಾಗ್‌ನಲ್ಲಿ ದಾಖಲಾಗಬೇಕು. ಮಿಲಿಟರಿ ವಾತಾವರಣ ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಯೂನಿಫಾರ್ಮ್, ಸೆಲ್ಯೂಟ್, ಕೆಂಪು ದೀಪ, ಸೈರನ್. ಅವೆಲ್ಲ ಬೇಕು, ನಿಜ. ಆದರೆ ಗೇಮ್‌ನ ಬಾಹ್ಯಾಕಾಶ ನೌಕೆಯೊಂದು ನಂಬುವ ಹಾಗಾಗುವುದು ಈ ಹೊಣೆಯ ಲೆಕ್ಕದಿಂದ. ನಾವು ಅಲ್ಲಿ ಇಲ್ಲದಾಗಲೂ ಕೆಲಸ ನಡೆಯುತ್ತಿದೆ ಅನ್ನುವ ಭರವಸೆಯಿಂದ.

ಈ ಮಾತು ಈಗ ಎತ್ತಲು ಕಾರಣ ಇದೆ. ಕ್ರಿಸ್ ರಾಬರ್ಟ್ಸ್ ಅವರ ‘ಸ್ಕ್ವಾಡ್ರನ್ 42’ 2026ರಲ್ಲಿ ಬರುತ್ತದೆ ಅಂತ 2024ರ ಅಕ್ಟೋಬರ್‌ನಲ್ಲಿ ಘೋಷಿಸಿದರು. 2012ರಲ್ಲಿ ಜನರಿಂದ ಹಣ ಎತ್ತಿ ಶುರು ಮಾಡಿದ ‘ಸ್ಟಾರ್ ಸಿಟಿಜನ್’ ಜಗತ್ತಿನಲ್ಲೇ ನಡೆಯುವ, ಒಬ್ಬರೇ ಕೂತು ಆಡುವ ಕಥೆ ಅದು. ಗ್ಯಾರಿ ಓಲ್ಡ್‌ಮನ್, ಮಾರ್ಕ್ ಹ್ಯಾಮಿಲ್, ಜಿಲಿಯನ್ ಆ್ಯಂಡರ್ಸನ್ ಅವರಂಥವರು ನಟಿಸಿದ್ದಾರೆ. ಕಥೆ ಇಡೀ ನೌಕಾಪಡೆಯದ್ದೇ. ಅತ್ತ ಮಾಸ್ ಎಫೆಕ್ಟ್ ಸರಣಿ ಮಾಡಿದ ಬಯೋವೇರ್ ಸ್ಟುಡಿಯೋ ಅದರ ಮುಂದಿನ ಗೇಮ್ ಮಾಡುತ್ತಿರುವುದಾಗಿ 2020ರ ನವೆಂಬರ್ 7ರಂದು ಹೇಳಿತು. 2025ರ ಜನವರಿಯಲ್ಲಿ ಸ್ಟುಡಿಯೋವನ್ನು ಚಿಕ್ಕದು ಮಾಡಿ, ಪೂರ್ತಿ ಗಮನವನ್ನು ಅದೊಂದರ ಮೇಲೇ ಇಟ್ಟಿದೆ. ಎರಡರಲ್ಲೂ ನಾವು ತುಂಬ ಹೊತ್ತು ಕಳೆಯುವುದು ಹಡಗಿನ ಒಳಗೆ. ಆ ಹಡಗು ಹೇಗಿರಬೇಕು ಅಂತ ಕೇಳಬೇಕಾದ ಹೊತ್ತು ಇದು.

ಮೊದಲ ನಾರ್ಮಂಡಿಯನ್ನೇ ಹತ್ತಿರದಿಂದ ನೋಡೋಣ. ಕಥೆ ಶುರುವಾದಾಗ ನಾವು ಆಡುವ ಪಾತ್ರ ಶೆಪರ್ಡ್, ಕ್ಯಾಪ್ಟನ್ ಅಲ್ಲವೇ ಅಲ್ಲ. ಹಡಗು ಕ್ಯಾಪ್ಟನ್ ಆ್ಯಂಡರ್ಸನ್ ಅವರದ್ದು, ಶೆಪರ್ಡ್ ಅವರ ಕೆಳಗಿನ ಎಕ್ಸ್‌ಓ. ಹಡಗು ಶೆಪರ್ಡ್ ಕೈಗೆ ಬರುವುದು, ಪ್ರೆಸ್ಲಿ ಎಕ್ಸ್‌ಓ ಆಗುವುದು ಆಮೇಲೆ. ಅಂದರೆ ನಮ್ಮ ಮೇಲೆ ಒಬ್ಬರು ಇದ್ದಾರೆ, ಅವರ ಮೇಲೆ ಇನ್ನೊಬ್ಬರು ಇದ್ದಾರೆ ಅನ್ನುವುದು ಮೊದಲ ಗಂಟೆಯಲ್ಲೇ ತಲೆಗೆ ಹೋಗುತ್ತದೆ. ನ್ಯಾವಿಗೇಟರ್ ಪ್ರೆಸ್ಲಿ, ಪೈಲಟ್ ಜೋಕರ್, ಎಂಜಿನಿಯರ್ ಆ್ಯಡಮ್ಸ್, ಡಾಕ್ಟರ್ ಚಾಕ್ವಾಸ್, ಹೀಗೆ ಪ್ರತಿಯೊಬ್ಬರಿಗೂ ಒಂದು ಜಾಗ, ಒಂದು ಕೆಲಸ ಇದೆ. ಮಲಗಲು ಗೋಡೆಗೆ ಒತ್ತಿ ನಿಲ್ಲಿಸಿದ ಪಾಡ್‌ಗಳು. ಯಾರಿಗೂ ಸ್ವಂತ ಕೋಣೆ ಅಂತ ಇಲ್ಲ, ಕ್ಯಾಪ್ಟನ್‌ಗೆ ಬಿಟ್ಟು.

ಸ್ವಲ್ಪ ಆಡಿದ ಮೇಲೆ ಸಿಟಡೆಲ್ ಅನ್ನುವ ದೊಡ್ಡ ಬಾಹ್ಯಾಕಾಶ ನಿಲ್ದಾಣದಲ್ಲಿ ರಿಯರ್ ಅಡ್ಮಿರಲ್ ಮಿಖೈಲೊವಿಚ್ ಎದುರಾಗುತ್ತಾರೆ. ಹಡಗನ್ನು ತಪಾಸಣೆ ಮಾಡಬೇಕು ಅಂತ ಒಳಗೆ ಹೋಗುತ್ತಾರೆ. ಹೊರಗೆ ಬಂದು ಒಂದೊಂದಾಗಿ ತಕರಾರು ತೆಗೆಯುತ್ತಾರೆ. ಎಂಜಿನ್‌ಗೆ ಸುರಿದ ದುಡ್ಡು ದಂಡ ಅನ್ನುತ್ತಾರೆ. ಬೇರೆ ಗ್ರಹದ ಜೀವಿಗಳನ್ನು ಅಲಯನ್ಸ್ (ಮನುಷ್ಯರ ಪಡೆ) ಹಡಗಿನಲ್ಲಿ ಓಡಾಡಲು ಬಿಟ್ಟಿದ್ದೀರಲ್ಲ ಅನ್ನುತ್ತಾರೆ. ನನಗೆ ಅತಿ ಇಷ್ಟವಾದದ್ದು ಮಾತ್ರ ಇನ್ನೊಂದು ತಕರಾರು. ಕಮಾಂಡರ್ ನಿಲ್ಲುವ ಜಾಗ ಎಲ್ಲರಿಗಿಂತ ಹಿಂದೆ ಯಾಕಿದೆ, ಮುಂದಿನ ಸಾಲಿನ ಆಪರೇಟರ್ ಹತ್ತಿರ ಮಾತಾಡಬೇಕಾದರೆ ಏನು ಮಾಡುತ್ತೀರಿ ಅಂತ ಕೇಳುತ್ತಾರೆ. ಅದಕ್ಕೆ ಉತ್ತರವೂ ಇದೆ. ನಾರ್ಮಂಡಿಯನ್ನು ಮನುಷ್ಯರು ಮತ್ತು ಟ್ಯೂರಿಯನ್ನರು ಅನ್ನುವ ಅನ್ಯಗ್ರಹದವರು ಸೇರಿ ಕಟ್ಟಿದ್ದು. ಟ್ಯೂರಿಯನ್ ಕಮಾಂಡರ್‌ಗಳಿಗೆ ಎತ್ತರದಲ್ಲಿ ನಿಂತು ತಮ್ಮ ಕೈಕೆಳಗಿನವರನ್ನೆಲ್ಲ ಒಟ್ಟಿಗೆ ನೋಡುವುದು ರೂಢಿ.

ಗೇಮ್ ಮಾಡಿದವರಿಗೆ ಆ ಎತ್ತರದ ಕಟ್ಟೆ ಬೇಕಿತ್ತು, ಯಾಕೆಂದರೆ ನಡುವೆ ನಕ್ಷತ್ರಗಳ ನಕ್ಷೆ ಚೆಂದ ಕಾಣಬೇಕು. ಅದನ್ನು ಸುಮ್ನೆ ಹಾಗೇ ಬಿಡಬಹುದಿತ್ತು. ಬಿಡಲಿಲ್ಲ. ಒಬ್ಬ ಅಡ್ಮಿರಲ್ ಬಾಯಲ್ಲಿ ಅದಕ್ಕೊಂದು ಆಕ್ಷೇಪ ಇಟ್ಟರು, ಆಕ್ಷೇಪಕ್ಕೆ ಒಂದು ಸಂಸ್ಕೃತಿಯ ಕಾರಣ ಕೊಟ್ಟರು. ಕುರ್ಚಿ ಎಲ್ಲಿರಬೇಕು ಅಂತ ಜಗಳ ಆಡುವ ಅಧಿಕಾರಿಗಳು ಇರುವ ಪಡೆಯನ್ನು ನಂಬದೇ ಇರಲು ಆಗುತ್ತದಾ?

ಈಗ ನಿಜವಾದ ಒಂದು ಘಟನೆ. ಇದು ದುಃಖದ್ದು, ಆದರೆ ಗೇಮ್ ಮಾಡುವವರು ಓದಲೇಬೇಕಾದದ್ದು. 2017ರ ಆಗಸ್ಟ್ 21, ಸಿಂಗಪುರದ ಹತ್ತಿರ, ಬೆಳಕು ಹರಿಯುವ ಮುಂಚೆ. ಅಮೆರಿಕದ ಯುಎಸ್‌ಎಸ್ ಜಾನ್ ಎಸ್. ಮೆಕೇನ್ ಯುದ್ಧನೌಕೆ ಒಂದು ಟ್ಯಾಂಕರ್ ಹಡಗಿಗೆ ಡಿಕ್ಕಿ ಹೊಡೆಯಿತು. 10 ನಾವಿಕರು ಸತ್ತರು. ಚುಕ್ಕಾಣಿ ಹಿಡಿದಿದ್ದ ನಾವಿಕನಿಗೆ ದಿಕ್ಕು, ವೇಗ ಎರಡನ್ನೂ ನೋಡಿಕೊಳ್ಳುವುದು ಕಷ್ಟ ಆಗುತ್ತಿದೆ ಅಂತ ಕ್ಯಾಪ್ಟನ್ ಗಮನಿಸಿದರು. ವೇಗದ ಕೆಲಸವನ್ನು ಪಕ್ಕದ ಸ್ಟೇಷನ್‌ಗೆ ಕೊಡಿ ಅಂದರು. ಟಚ್‌ಸ್ಕ್ರೀನ್ ಮೇಲೆ ಅದನ್ನು ಬದಲಾಯಿಸುವಾಗ ವೇಗದ ಜೊತೆ ಚುಕ್ಕಾಣಿಯೂ ಪಕ್ಕದ ಸ್ಟೇಷನ್‌ಗೆ ಹೋಯಿತು. ಅದು ಯಾರಿಗೂ ಗೊತ್ತಾಗಲಿಲ್ಲ. ಚುಕ್ಕಾಣಿ ಕೆಟ್ಟಿದೆ ಅಂತ ಕೂಗಿದರು. ವೇಗ ಇಳಿಸಲು ಹೋದಾಗ ಎರಡು ಎಂಜಿನ್ ಶಾಫ್ಟ್‌ಗಳಲ್ಲಿ ಒಂದರದ್ದು ಮಾತ್ರ ಇಳಿಯಿತು. ಹಡಗು ಎಡಕ್ಕೆ ತಿರುಗಿ ಟ್ಯಾಂಕರ್‌ನ ದಾರಿಗೆ ಅಡ್ಡ ಬಂತು.

ಚುಕ್ಕಾಣಿ ಕೆಟ್ಟಿರಲೇ ಇಲ್ಲ. ಅದು ಯಾರ ಕೈಯಲ್ಲಿದೆ ಅನ್ನುವುದು ಕೆಲವು ನಿಮಿಷ ಯಾರಿಗೂ ತಿಳಿಯಲಿಲ್ಲ, ಅಷ್ಟೇ. ತರಬೇತಿ ಸಾಲದ್ದು, ನಿದ್ದೆಗೆಟ್ಟ ಸಿಬ್ಬಂದಿ, ಗೊಂದಲದ ಸ್ಕ್ರೀನ್ ಎಲ್ಲವೂ ಸೇರಿ ಆದದ್ದು ಅಂತ ತನಿಖೆಯಲ್ಲಿ ಬಂತು. 2019ರಲ್ಲಿ ಅಮೆರಿಕದ ನೌಕಾಪಡೆ ಈ ಜಾತಿಯ ಹಡಗುಗಳಲ್ಲಿ ವೇಗಕ್ಕೆ ಟಚ್‌ಸ್ಕ್ರೀನ್ ತೆಗೆದು ಕೈಯಲ್ಲಿ ಹಿಡಿಯುವ ಲಿವರ್ ವಾಪಸ್ ತರುತ್ತೇವೆ ಅಂತ ಹೇಳಿತು. ಕೈಗೆ ಸಿಗುವ ಲಿವರ್ ಆದರೆ ಅದು ಎಲ್ಲಿದೆ, ಯಾರು ಹಿಡಿದಿದ್ದಾರೆ ಅಂತ ಪಕ್ಕದವರಿಗೂ ಕಾಣುತ್ತದೆ.

ಇದನ್ನು ಓದಿ ಗೇಮ್‌ನ ಹಡಗುಗಳನ್ನು ನೋಡಿ. ಜೋಕರ್ ಮುಂದೆ ಗಾಳಿಯಲ್ಲಿ ತೇಲುವ ಕಿತ್ತಳೆ ಬಣ್ಣದ ಬಟನ್‌ಗಳು. ಕ್ರೂ ಎಲ್ಲ ಗಾಳಿಯಲ್ಲಿ ಬೆರಳಾಡಿಸುತ್ತಾ ಕೂತಿರುತ್ತಾರೆ. ಯಾರು ಏನು ಮಾಡುತ್ತಿದ್ದಾರೆ ಅಂತ ನಮಗೂ ಗೊತ್ತಿಲ್ಲ, ಅವರ ಪಕ್ಕದವರಿಗೂ ಗೊತ್ತಿದ್ದ ಹಾಗೆ ಕಾಣುವುದಿಲ್ಲ. ನೋಡಲು ಚೆಂದ, ಒಪ್ಪುತ್ತೇನೆ. ಆದರೆ ಒಂದು ನಾಬ್ ತಿರುಗಿಸುವುದು, ಒಂದು ಲಿವರ್ ಎಳೆಯುವುದು, ಅದನ್ನು ಜೋರಾಗಿ ಹೇಳುವುದು ಇವುಗಳಲ್ಲಿ ಇರುವ ತೂಕ ಅದರಲ್ಲಿ ಇಲ್ಲ.

ಜೋರಾಗಿ ಹೇಳುವ ವಿಷಯ ಬಂತಲ್ಲ, ಅದನ್ನೂ ನೋಡೋಣ. ನೌಕಾಪಡೆಯಲ್ಲಿ ಚುಕ್ಕಾಣಿಗೆ ಆರ್ಡರ್ ಕೊಟ್ಟರೆ ಚುಕ್ಕಾಣಿ ಹಿಡಿದವರು ಅದೇ ಆರ್ಡರ್ ಅನ್ನು ಪದಕ್ಕೆ ಪದ ತಿರುಗಿ ಹೇಳುತ್ತಾರೆ. ಕೆಲಸ ಆದ ಮೇಲೆ ಆಯಿತು ಅಂತ ಮತ್ತೆ ಹೇಳುತ್ತಾರೆ. ಗದ್ದಲದಲ್ಲಿ, ಹೊಗೆಯಲ್ಲಿ, ಮೂರನೇ ರಾತ್ರಿ ನಿದ್ದೆಗಣ್ಣಲ್ಲಿ ಒಂದು ಅಂಕಿ ತಪ್ಪು ಕೇಳಿಸಿದರೂ ಅಲ್ಲೇ ಸಿಕ್ಕಿಬೀಳಲಿ ಅಂತ. ಹೊರಗಿನವರಿಗೆ ಇದು ಶಿಸ್ತಿನ ಪ್ರದರ್ಶನದ ಹಾಗೆ ಕಾಣಬಹುದು. ಒಳಗಿನವರಿಗೆ ಜೀವ ಉಳಿಸುವ ಅಭ್ಯಾಸ. ಬಹಳಷ್ಟು ಗೇಮ್‌ಗಳಲ್ಲಿ ಹೀರೋ ಆರ್ಡರ್ ಕೊಡುತ್ತಾರೆ, ಕೂಡಲೇ ಕ್ಯಾಮೆರಾ ಹೊರಗೆ ಹಾರಿ ಹಡಗು ಸ್ಫೋಟಗಳ ನಡುವೆ ನುಗ್ಗುತ್ತದೆ. ಆರ್ಡರ್‌ಗೂ ಕೆಲಸಕ್ಕೂ ನಡುವೆ ಇರುವ ಮನುಷ್ಯರು ಮಾಯ.

ಆ ನಡುವಿನ ಮನುಷ್ಯರನ್ನೇ ಆಟ ಮಾಡಿದ ಒಂದು ಗೇಮ್ ಇದೆ. 2017ರ ‘ಸ್ಟಾರ್ ಟ್ರೆಕ್: ಬ್ರಿಡ್ಜ್ ಕ್ರೂ’. ನಾಲ್ಕು ಜನ ಕೂತು ಆಡುವುದು: ಕ್ಯಾಪ್ಟನ್, ಚುಕ್ಕಾಣಿ, ಶಸ್ತ್ರಾಸ್ತ್ರ, ಎಂಜಿನ್. ನಾಲ್ವರೂ ಇದ್ದಾಗ ಹಡಗು ತಿರುಗಿಸುವುದು, ಗುಂಡು ಹಾರಿಸುವುದು ಕ್ಯಾಪ್ಟನ್ ಕೈಯಲ್ಲಿ ಇಲ್ಲ. ಅವರ ಹತ್ತಿರ ಇರುವುದು ಮಾಹಿತಿ ಮತ್ತು ಬಾಯಿ. ಸರಿಯಾಗಿ ಹೇಳಲಿಲ್ಲ ಅಂದರೆ ಹಡಗು ಸೀಳಿಹೋಗುತ್ತದೆ. ಅಪರಿಚಿತ ನಾಲ್ವರು ಸ್ವಲ್ಪ ಹೊತ್ತು ಆಡುವಷ್ಟರಲ್ಲಿ ತಾವಾಗಿಯೇ ಆರ್ಡರ್ ತಿರುಗಿ ಹೇಳಲು ಶುರು ಮಾಡುತ್ತಾರೆ. ಯಾರೂ ಕಲಿಸಿರುವುದಿಲ್ಲ, ಪರಿಸ್ಥಿತಿಯೇ ಕಲಿಸುತ್ತದೆ.

ಬೆಂಕಿಯ ವಿಷಯವೂ ಹಾಗೇ. 1967ರ ಜುಲೈ 29ರಂದು ವಿಯೆಟ್ನಾಂ ಕಡಲಿನಲ್ಲಿ ಯುಎಸ್‌ಎಸ್ ಫಾರೆಸ್ಟಲ್ ವಿಮಾನವಾಹಕ ನೌಕೆಯ ಡೆಕ್ ಮೇಲೆ ಒಂದು ರಾಕೆಟ್ ತಾನಾಗಿ ಹಾರಿ ಬೆಂಕಿ ಹತ್ತಿತು. 134 ಜನ ಸತ್ತರು. ಬೆಂಕಿ ಆರಿಸಲು ತರಬೇತಿ ಪಡೆದಿದ್ದ ತಂಡ ಮೊದಲ ಬಾಂಬ್ ಸಿಡಿತದಲ್ಲೇ ಹೋಯಿತು. ಆಮೇಲೆ ಬಂದವರಿಗೆ ಧೈರ್ಯ ಇತ್ತು, ತರಬೇತಿ ಇರಲಿಲ್ಲ. ಒಬ್ಬರು ಫೋಮ್ ಹಾಕಿದರೆ ಇನ್ನೊಬ್ಬರು ನೀರು ಬಿಟ್ಟು ಆ ಫೋಮ್ ತೊಳೆದುಬಿಟ್ಟರು. ಆಮೇಲಿಂದ ಅಮೆರಿಕದ ನೌಕಾಪಡೆಯಲ್ಲಿ ಅಡುಗೆಯವರಿಂದ ಹಿಡಿದು ಗುಮಾಸ್ತರ ತನಕ ಎಲ್ಲರೂ ಬೆಂಕಿ ಆರಿಸಲು ಕಲಿಯಬೇಕು ಅನ್ನುವುದು ನಿಯಮವಾಯಿತು.

2012ರ ‘ಎಫ್‌ಟಿಎಲ್’ ಅನ್ನುವ ಚಿಕ್ಕ ಗೇಮ್‌ಗೆ ಇದು ದೊಡ್ಡ ಗೇಮ್‌ಗಳಿಗಿಂತ ಚೆನ್ನಾಗಿ ಅರ್ಥವಾಗಿದೆ. ಅದರಲ್ಲಿ ಹಡಗನ್ನು ಮೇಲಿಂದ ನಕ್ಷೆಯ ಹಾಗೆ ನೋಡುತ್ತೇವೆ. ಮುಖಭಾವ ಇಲ್ಲ, ಡಯಲಾಗ್ ಕಡಿಮೆ. ಒಂದು ಕೋಣೆಗೆ ಬೆಂಕಿ ಬಿದ್ದರೆ ಹೊರಗಿನ ಬಾಗಿಲು ತೆರೆದು ಗಾಳಿ ಖಾಲಿ ಮಾಡಬಹುದು, ಬೆಂಕಿ ಆರುತ್ತದೆ. ಆದರೆ ಒಳಗೆ ರಿಪೇರಿ ಮಾಡುತ್ತಿರುವವರಿಗೂ ಗಾಳಿ ಇಲ್ಲ. ಯಾರನ್ನು ಕಳಿಸುವುದು, ಬಾಗಿಲು ಯಾವಾಗ ಮುಚ್ಚುವುದು? ಗುರಾಣಿ ಸರಿಮಾಡಲು ಹೋದವನ ಪ್ರಾಣದ ಪಟ್ಟಿ ಕರಗುತ್ತಿರುತ್ತದೆ, ಕೈ ಬಾಗಿಲ ಮೇಲೆ ಇರುತ್ತದೆ. ಕಮಾಂಡ್ ಅನ್ನುವುದರ ಭಾರ ನನಗೆ ಮೊದಲು ತಟ್ಟಿದ್ದು ಈ ಪುಟ್ಟ ಚುಕ್ಕೆಗಳಂಥ ಮನುಷ್ಯರಿಂದಲೇ.

ಎರಡನೇ ಮಾಸ್ ಎಫೆಕ್ಟ್ 2010ರ ಜನವರಿಯಲ್ಲಿ ಬಂತು. ಶುರುವಿನಲ್ಲೇ ಹಳೆಯ ನಾರ್ಮಂಡಿ ಒಡೆದುಹೋಗುತ್ತದೆ, ಪ್ರೆಸ್ಲಿ ಸಾಯುತ್ತಾರೆ. ಹೊಸ ನಾರ್ಮಂಡಿಯನ್ನು ಕಟ್ಟಿದ್ದು ಸರ್ಬರಸ್ ಅನ್ನುವ ಖಾಸಗಿ ಗುಂಪು. ಹಡಗು ದೊಡ್ಡದಾಯಿತು. ಕ್ಯಾಪ್ಟನ್ ಕೋಣೆಯಲ್ಲಿ ಗೋಡೆ ತುಂಬ ಮೀನಿನ ತೊಟ್ಟಿ ಬಂತು, ಬಾರ್ ಬಂತು. ಮಿಲಿಟರಿ ಹಡಗು ಹೋಯಿತು ಅಂತ ಬಹಳ ಜನ ಬೇಸರ ಪಟ್ಟರು. ಕಥೆಗೆ ಅದು ಸರಿಯಾಗಿಯೇ ಇದೆ, ಯಾಕೆಂದರೆ ಇದು ನೌಕಾಪಡೆಯ ಹಡಗಲ್ಲ. ನನಗೆ ಬೇಸರ ಆದದ್ದು ಬೇರೆ ವಿಷಯಕ್ಕೆ. ಹೊಣೆ ಕೈ ಬದಲಾಗುವ ಆ ದನಿ ಹೋಯಿತು. ಎಲ್ಲರೂ ಶೆಪರ್ಡ್ ಬಂದು ಮಾತಾಡಿಸಲಿ ಅಂತ ತಮ್ಮ ತಮ್ಮ ಕೋಣೆಯಲ್ಲಿ ಕಾಯುವವರ ಹಾಗೆ ಆದರು.

ಒಬ್ಬನನ್ನು ಬಿಟ್ಟು. ಶೆಪರ್ಡ್ ಸಂಗಡಿಗ ಗ್ಯಾರಸ್ ಹತ್ತಿರ ಹೋದರೆ ಎಷ್ಟೋ ಸಲ ಒಂದೇ ಉತ್ತರ, ಗನ್‌ಗಳ ಕ್ಯಾಲಿಬ್ರೇಷನ್ ಮಾಡುತ್ತಿದ್ದೇನೆ, ಆಮೇಲೆ ಬನ್ನಿ ಅಂತ. ಬರೆದ ಡಯಲಾಗ್ ಮುಗಿದಿದೆ ಅಂತ ಅದರ ಅರ್ಥ. ಜನ ಇದನ್ನು ಹಿಡಿದುಕೊಂಡು ವರ್ಷಗಟ್ಟಲೆ ನಕ್ಕಿದ್ದಾರೆ. ನನಗೆ ಮಾತ್ರ ಇಡೀ ಹಡಗಿನಲ್ಲಿ ಅತಿ ಹೆಚ್ಚು ಮಿಲಿಟರಿ ಅನ್ನಿಸುವ ಮಾತು ಅದೇ. ಕಮಾಂಡರ್ ಎದುರು ನಿಂತು, ನನಗೆ ಕೆಲಸ ಇದೆ ಅಂತ ಹೇಳುವ ಒಬ್ಬ. ಅವನ ಗನ್‌ಗಳು ಸರಿ ಇರುವುದಕ್ಕೇ ನಾವು ಬದುಕಿರುವುದು.

ಅದೇ ಗೇಮ್‌ನಲ್ಲಿ ಇನ್ನೊಂದು ಭಾಗ ಇದೆ, ಅದು ಇಡೀ ಸರಣಿಯಲ್ಲೇ ಹಡಗಿನ ಬಗ್ಗೆ ಬರೆದ ಅತ್ಯುತ್ತಮ ಭಾಗ. ಶೆಪರ್ಡ್ ಮತ್ತು ತಂಡ ಎಲ್ಲರೂ ಶಟಲ್ ಹತ್ತಿ ಹೊರಗೆ ಹೋಗುತ್ತಾರೆ. (ಎಲ್ಲರೂ ಒಟ್ಟಿಗೆ ಯಾಕೆ ಹೋಗಬೇಕು ಅನ್ನುವುದಕ್ಕೆ ಗಟ್ಟಿ ಕಾರಣ ಕೊಟ್ಟಿಲ್ಲ, ಅದು ಕಥೆಯ ದೋಷವೇ.) ಆಗ ಶತ್ರು ಹಡಗಿಗೆ ನುಗ್ಗುತ್ತಾನೆ. ಈಗ ನಾವು ಆಡುವುದು ಜೋಕರ್ ಆಗಿ. ಅವನ ಮೂಳೆಗಳು ಹುಟ್ಟಿನಿಂದಲೇ ಗಾಜಿನ ಹಾಗೆ ಬೇಗ ಮುರಿಯುವಂಥವು, ಓಡಲು ಆಗುವುದಿಲ್ಲ. ಕುಂಟುತ್ತಾ ಹೋಗಬೇಕು. ದಿನವೂ ಮಾತಾಡಿಸಿದ ಸಿಬ್ಬಂದಿಯನ್ನು ಕಣ್ಣೆದುರೇ ಎಳೆದುಕೊಂಡು ಹೋಗುತ್ತಾರೆ. ಹೀರೋ ಇಲ್ಲದ ಹಡಗನ್ನು ನಾವು ನೋಡುವುದು ಆ ಕೆಲವೇ ನಿಮಿಷ. ಅದಾದ ಮೇಲೆ ಗೇಮ್ ಒಂದು ಕಠಿಣ ನಿಯಮ ಇಟ್ಟಿದೆ. ಕೂಡಲೇ ಹಿಂದೆ ಹೋದರೆ ಎಳೆದೊಯ್ದವರು ಬದುಕಿರುತ್ತಾರೆ. ಒಂದೆರಡು ಮಿಷನ್ ಮಾಡಿಕೊಂಡು ಹೋದರೆ ಅರ್ಧ ಜನ ಇಲ್ಲ. ಇನ್ನೂ ತಡ ಮಾಡಿದರೆ ಡಾಕ್ಟರ್ ಚಾಕ್ವಾಸ್ ಒಬ್ಬರೇ ಉಳಿಯುತ್ತಾರೆ. ಎಷ್ಟೋ ಆಟಗಾರರಿಗೆ ಊಟದ ಮನೆಯ ಗಾರ್ಡ್ನರ್, ಎಂಜಿನ್ ಕೋಣೆಯ ಕೆನ್ ಮತ್ತು ಗ್ಯಾಬಿ ತಮ್ಮ ಜನ ಅಂತ ಅನ್ನಿಸಿದ್ದು ಅವರು ಇಲ್ಲವಾದ ಮೇಲೆ.

ಪ್ರೆಸ್ಲಿ ಬಗ್ಗೆಯೂ ಹೇಳಬೇಕು. ಮೊದಲ ಗೇಮ್‌ನಲ್ಲಿ ಆತ ಅಷ್ಟೇನೂ ಹಿತವಾದ ಮನುಷ್ಯ ಅಲ್ಲ. ಅವನ ಅಜ್ಜ ಟ್ಯೂರಿಯನ್ನರ ವಿರುದ್ಧ ಹೋರಾಡಿದವರು. ಹಡಗಿನಲ್ಲಿ ಬೇರೆ ಜೀವಿಗಳು ಇರುವುದು ಅವನಿಗೆ ಸರಿ ಬರುವುದಿಲ್ಲ, ಅದನ್ನು ಮುಚ್ಚಿಡುವುದೂ ಇಲ್ಲ. ಎರಡನೇ ಗೇಮ್‌ನಲ್ಲಿ ಹಳೆಯ ನಾರ್ಮಂಡಿ ಬಿದ್ದ ಹಿಮದ ಜಾಗಕ್ಕೆ ಹೋಗಿ 20 ಸಿಬ್ಬಂದಿಯ ಗುರುತಿನ ಬಿಲ್ಲೆ ಹುಡುಕುವ ಒಂದು ಮಿಷನ್ ಇದೆ. ಹೊಡೆದಾಟ ಇಲ್ಲ, ಶತ್ರು ಇಲ್ಲ. ಅಲ್ಲಿ ಪ್ರೆಸ್ಲಿಯ ಡೇಟಾಪ್ಯಾಡ್ ಸಿಗುತ್ತದೆ. ಮೊದಮೊದಲು ಅದೇ ಸಿಡಿಮಿಡಿ. ಬರುಬರುತ್ತಾ ಮಾತು ಬದಲಾಗುತ್ತದೆ. ಕೊನೆಗೆ ಇವರಲ್ಲಿ ಯಾರಿಗಾದರೂ ಪ್ರಾಣ ಕೊಡಲು ನಾನು ಸಿದ್ಧ ಅನ್ನುವಲ್ಲಿಗೆ ಬಂದಿರುತ್ತಾನೆ. ಅವನು ಬದಲಾದದ್ದು ನಮಗೆ ಆಗ ಕಾಣಲೇ ಇಲ್ಲ. ಡೆಕ್ ಅವನ ಕೈಗೆ ಕೊಟ್ಟು ನಾವು ಹೊರಗೆ ತಿರುಗುತ್ತಿದ್ದೆವಲ್ಲ, ಅದೇ ದಿನಗಳಲ್ಲಿ ಅವನು ಅವರ ಜೊತೆ ಕೆಲಸ ಮಾಡುತ್ತಾ ಬದಲಾಗಿದ್ದ.

2012ರ ಮೂರನೇ ಗೇಮ್‌ನಲ್ಲಿ ಹಡಗು ಮತ್ತೆ ಅಲಯನ್ಸ್ ಕೈಗೆ ಬಂತು. ಅಲ್ಲಿ ವಾರ್ ರೂಮ್ ಬಾಗಿಲಲ್ಲಿ ಇಬ್ಬರು ಕಾವಲಿನವರು ನಿಂತಿರುತ್ತಾರೆ. ನಮ್ಮನ್ನು ಸ್ಕ್ಯಾನ್ ಮಾಡುವಾಗ ಅವರಿಬ್ಬರೂ ತಮ್ಮ ಪಾಡಿಗೆ ಮಾತಾಡಿಕೊಳ್ಳುತ್ತಾರೆ, ಪ್ರತಿ ಸಲ ಹೊಸ ಮಾತು. ಇದೂ ಲೋಡಿಂಗ್ ಮುಚ್ಚುವ ಉಪಾಯವೇ, ಏರ್‌ಲಾಕ್‌ನ ಹಾಗೆ. ಆ ಸ್ಕ್ಯಾನ್ ಕಂಡರೆ ಬಹಳ ಜನಕ್ಕೆ ಕಿರಿಕಿರಿ. ನನಗೆ ಆ ಇಬ್ಬರ ಮಾತು ಕೇಳಿಸಿಕೊಳ್ಳಲು ಅಲ್ಲಿ ಇನ್ನೂ ಒಂದು ನಿಮಿಷ ನಿಲ್ಲಬೇಕು ಅನ್ನಿಸುತ್ತದೆ. ಸಂಗಡಿಗರೂ ಈಗ ಜಾಗ ಬದಲಾಯಿಸುತ್ತಾರೆ, ಒಬ್ಬರನ್ನೊಬ್ಬರು ಹುಡುಕಿಕೊಂಡು ಹೋಗಿ ಹರಟುತ್ತಾರೆ.

ಆದರೂ ಒಂದು ವಿಷಯ ಮೂರೂ ಗೇಮ್‌ಗಳಲ್ಲಿ ಇಲ್ಲ. ಪಾಳಿ ಬದಲಾಗುವುದೇ ಇಲ್ಲ. ಯಾವಾಗ ಹೋದರೂ ಅದೇ ಜನ ಅದೇ ಕುರ್ಚಿಯಲ್ಲಿ. ನಿಜವಾದ ಹಡಗಿನ ಹಳೆಯ ಪದ್ಧತಿಯಲ್ಲಿ ದಿನವನ್ನು ನಾಲ್ಕು ನಾಲ್ಕು ಗಂಟೆಯ ವಾಚ್‌ಗಳಾಗಿ ಹಂಚುತ್ತಾರೆ. ಸಂಜೆ 4ರಿಂದ 8ರವರೆಗಿನದನ್ನು ಮಾತ್ರ ಎರಡೆರಡು ಗಂಟೆಯ ಎರಡು ಚೂರು ಮಾಡುತ್ತಾರೆ. ಆಗ ದಿನಕ್ಕೆ ಏಳು ವಾಚ್ ಆಗುತ್ತದೆ. ಏಳು ಬೆಸ ಸಂಖ್ಯೆ, ಹಾಗಾಗಿ ಸರದಿ ದಿನದಿನಕ್ಕೆ ಜರುಗುತ್ತಾ ಹೋಗುತ್ತದೆ, ನಡುರಾತ್ರಿಯ ವಾಚ್ ಒಬ್ಬರ ತಲೆಗೇ ಬೀಳುವುದಿಲ್ಲ. ಇಷ್ಟು ಸಣ್ಣ ಲೆಕ್ಕವನ್ನು ಗೇಮ್‌ಗೆ ತಂದರೆ ಎಷ್ಟು ಸಿಗುತ್ತದೆ ನೋಡಿ. ರಾತ್ರಿ ಪಾಳಿಯವರ ಮುಖ ಬೇರೆ, ಅವರ ಮಾತು ಬೇರೆ, ಊಟದ ಮನೆಯಲ್ಲಿ ಒಬ್ಬರಿಗೆ ತಿಂಡಿಯ ಹೊತ್ತು ಇನ್ನೊಬ್ಬರಿಗೆ ಊಟದ ಹೊತ್ತು.

ಜಾಗದ ಇಕ್ಕಟ್ಟು ಹೇಗಿರುತ್ತದೆ ಅಂತ ನಮ್ಮ ಕಡೆಯವರಿಗೆ ನೋಡಬೇಕಿದ್ದರೆ ಕಾರವಾರಕ್ಕೆ ಹೋದರೆ ಸಾಕು. ಟ್ಯಾಗೋರ್ ಕಡಲತೀರದಲ್ಲಿ ನೌಕಾಪಡೆಯ ಹಳೆಯ ಕ್ಷಿಪಣಿ ದೋಣಿ ಐಎನ್‌ಎಸ್ ಚಾಪೆಲ್ ಮ್ಯೂಸಿಯಂ ಆಗಿ ನಿಂತಿದೆ. 40 ಮೀಟರ್ ಉದ್ದವೂ ಇಲ್ಲ. ಅಷ್ಟರಲ್ಲೇ ಎಂಜಿನ್, ಕ್ಷಿಪಣಿ, ರೇಡಾರ್, ಜನ ಎಲ್ಲ. ಅಂಥ ಕಡೆ ತಿಂಗಳುಗಟ್ಟಲೆ ಒಟ್ಟಿಗೆ ಕೆಲಸ ಮಾಡುವವರ ನಡುವೆ ಹುಟ್ಟುವ ಸಲಿಗೆ, ಸಿಟ್ಟು ಎರಡೂ ಗೇಮ್‌ಗಳ ಅಗಲವಾದ ಕಾರಿಡಾರ್‌ಗಳಲ್ಲಿ ಹುಟ್ಟುವುದು ಕಷ್ಟ.

ಸಾವಿನ ಲೆಕ್ಕ ಇಡುವುದನ್ನು ರಾಬರ್ಟ್ಸ್ 1990ರಲ್ಲೇ ಮಾಡಿ ತೋರಿಸಿದ್ದರು. ಅವರ ‘ವಿಂಗ್ ಕಮಾಂಡರ್’ ಗೇಮ್‌ನಲ್ಲಿ ಪೈಲಟ್‌ಗಳ ಹೆಸರಿನ ಒಂದು ಬೋರ್ಡ್ ಇತ್ತು. ಜೊತೆಗೆ ಹಾರಿದವರು ಸತ್ತರೆ ಶವಸಂಸ್ಕಾರ ಆಗುತ್ತಿತ್ತು, ಆಮೇಲೆ ಅವರು ಕಥೆಯಲ್ಲಿ ಬರುತ್ತಲೇ ಇರಲಿಲ್ಲ. 2016ರ ‘ಕಾಲ್ ಆಫ್ ಡ್ಯೂಟಿ: ಇನ್‌ಫಿನಿಟ್ ವಾರ್‌ಫೇರ್’ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಬರುವ ಮೊದಲೇ ಅದರ ಟ್ರೇಲರ್‌ಗೆ ಯೂಟ್ಯೂಬ್‌ನಲ್ಲಿ ಲಕ್ಷಗಟ್ಟಲೆ ಡಿಸ್‌ಲೈಕ್ ಬಿದ್ದವು, ಹಾಗಾಗಿ ಬಹಳ ಜನ ಅದರ ಕಥೆಯ ಕಡೆ ತಿರುಗಿಯೂ ನೋಡಲಿಲ್ಲ. ರೆಟ್ರಿಬ್ಯೂಷನ್ ಅನ್ನುವ ಹಡಗಿನ ಕಥೆ ಅದು. ಆಟ ಮುಗಿದು ಹೆಸರುಗಳು ಬರುವಾಗ, ಸತ್ತ ಸಿಬ್ಬಂದಿ ಮನೆಯವರಿಗೆ ಅಂತ ಮೊದಲೇ ರೆಕಾರ್ಡ್ ಮಾಡಿಟ್ಟಿದ್ದ ಮಾತುಗಳು ಒಂದರ ಹಿಂದೆ ಒಂದು ಕೇಳುತ್ತವೆ. ಶೂಟಿಂಗ್ ಗೇಮ್ ಒಂದರಿಂದ ನಾನು ನಿರೀಕ್ಷಿಸಿರದ ಮಾನವೀಯತೆ ಅದು.

ಇಷ್ಟೆಲ್ಲ ಗೊತ್ತಿದ್ದೂ ಗೇಮ್‌ಗಳು ಯಾಕೆ ಮಾಡುವುದಿಲ್ಲ? ಮೊದಲ ಕಾರಣ ಯಂತ್ರದ್ದಾಗಿತ್ತು. ಮೊದಲ ನಾರ್ಮಂಡಿ ಓಡುತ್ತಿದ್ದ ಎಕ್ಸ್‌ಬಾಕ್ಸ್ 360ಯಲ್ಲಿ ಇದ್ದದ್ದು 512 ಎಂಬಿ ಮೆಮೊರಿ. ಲಿಫ್ಟ್ ಅಷ್ಟು ನಿಧಾನ ಇಳಿಯುತ್ತಿದ್ದುದು ಅದಕ್ಕೇ. ಈಗ ಆ ನೆಪ ನಡೆಯುವುದಿಲ್ಲ. ಎರಡನೇ ಕಾರಣ ಆಟದ ಸ್ವಭಾವ. ಆಡುವವರಿಗೆ ತಾವೇ ಎಲ್ಲ ಮಾಡಬೇಕು ಅನ್ನಿಸುತ್ತದೆ. ಕ್ಯಾಪ್ಟನ್ ಹಡಗು ಬಿಟ್ಟು ಬಂದೂಕು ಹಿಡಿದು ಇಬ್ಬರನ್ನು ಕರೆದುಕೊಂಡು ಇಳಿಯುವುದು ಯಾವ ನೌಕಾಪಡೆಯಲ್ಲೂ ನಡೆಯದ ಮಾತು, ಆದರೆ ಅದಿಲ್ಲದೆ ಮಾಸ್ ಎಫೆಕ್ಟ್ ಇಲ್ಲ. ಹೀರೋ ಹೊರಗೆ ಹೋಗಲಿ. ಹೋದ ಮೇಲೆ ಹಡಗಿನಲ್ಲಿ ಏನಾಯಿತು ಅಂತ ವಾಪಸ್ ಬಂದಾಗ ಯಾರಾದರೂ ವರದಿ ಒಪ್ಪಿಸಲಿ, ಅಷ್ಟು ಸಾಕು.

ಮೂರನೆಯದು ದುಡ್ಡು. ಇದೇ ಈಗ ನಿಜವಾದ ಆತಂಕ. 2025ರ ಸೆಪ್ಟೆಂಬರ್‌ನಲ್ಲಿ ಬಯೋವೇರ್‌ನ ಮಾಲೀಕ ಕಂಪನಿ ಇಎಯನ್ನು 55 ಬಿಲಿಯನ್ ಡಾಲರ್‌ಗೆ ಕೊಳ್ಳುವ ಘೋಷಣೆ ಆಯಿತು. ಅದರಲ್ಲಿ 20 ಬಿಲಿಯನ್ ಸಾಲ. ಸಾಲ ತೀರಿಸುವ ಒತ್ತಡ ಇರುವ ಕಡೆ ಮೊದಲು ಕತ್ತರಿ ಬೀಳುವುದು ಟ್ರೇಲರ್‌ನಲ್ಲಿ ಕಾಣದ ಕೆಲಸಕ್ಕೆ. ಬಾಗಿಲಲ್ಲಿ ನಿಂತ ಇಬ್ಬರು ಕಾವಲಿನವರ ಹೊಸ ಹೊಸ ಮಾತಿಗೆ ಬರಹಗಾರರು ಬೇಕು, ದನಿ ಕೊಡುವವರು ಬೇಕು, ಪರೀಕ್ಷೆ ಮಾಡುವವರು ಬೇಕು. ಅವರಿಂದ ಗೇಮ್‌ನ ಒಂದು ಪ್ರತಿಯೂ ಜಾಸ್ತಿ ಮಾರಾಟ ಆಯಿತು ಅಂತ ಲೆಕ್ಕದಲ್ಲಿ ತೋರಿಸಲು ಬರುವುದಿಲ್ಲ.

ಸ್ಕ್ವಾಡ್ರನ್ 42ಕ್ಕೆ ದುಡ್ಡಿನ ಕೊರತೆ ಆಗಿಲ್ಲ, ಹೆಸರಾಂತ ನಟರ ಕೊರತೆಯೂ ಇಲ್ಲ. ಅದು ಕೈಗೆ ಬಂದಾಗ ನಾನು ಮೊದಲು ನೋಡುವುದು ಅಡ್ಮಿರಲ್ ಭಾಷಣವನ್ನಲ್ಲ. ಒಂದು ಮಿಷನ್‌ಗೆ ಮುಂಚೆ ಮತ್ತು ಆಮೇಲೆ ಊಟದ ಮನೆಗೆ ಹೋಗುತ್ತೇನೆ. ಅಲ್ಲಿ ಕೂತವರು ಬದಲಾಗಿದ್ದಾರಾ, ಆ ಮಿಷನ್‌ನಲ್ಲಿ ಸತ್ತವರ ಕುರ್ಚಿಯಲ್ಲಿ ಈಗ ಯಾರಿದ್ದಾರೆ, ಅವರ ಕೆಲಸ ಯಾರಿಗೆ ಬಂತು ಅಂತ ಯಾರಾದರೂ ಬಾಯಿಬಿಟ್ಟು ಹೇಳುತ್ತಾರಾ ನೋಡಬೇಕು.